ಅಕ್ಕೋಳದ ಓಲೆಗರಿ ಕಟ್ಟು

ಪೆಟ್ಟಿಗೆಯ ಬೀಗ ಹಾಕಿದ ಹಾಗೆಯೇ ಇತ್ತು. ಒಳಗೆ ಕಟ್ಟು ಮಾತ್ರ ಇರಲಿಲ್ಲ.

ನೀಲಮ ಮತ್ತೊಮ್ಮೆ ಕೈಯಾಡಿಸಿದಳು. ಕಣ್ಣು ಸುಳ್ಳು ಹೇಳಿದರೂ ಕೈ ಹೇಳೀತೇ? ಬರೀ ತಳ. ಚಿಕ್ಕೋಡಿಯ ಆ ಸಣ್ಣ ಗ್ರಂಥಾಲಯದಲ್ಲಿ ಹಳೆಯ ಓಲೆಗರಿಗಳ ಪಟ್ಟಿ ಮಾಡಿ, ಒಂದೊಂದು ಗರಿಯ ಫೋಟೋ ತೆಗೆಸಿ ಕಂಪ್ಯೂಟರಿಗೆ ಏರಿಸುವ ಕೆಲಸ ಅವಳದು. ಕಾಣೆಯಾದದ್ದು ಅಕ್ಕೋಳದ ಅಕ್ಕುತಾಯಿಯ ಮನೆತನದ ಕಟ್ಟು. ನೂರಾರು ವರ್ಷ ಹಿಂದಿನ ಜೈನಶಾಸ್ತ್ರ. ಮುದುಕಿ ಅದನ್ನು ಹೊಸ್ತಿಲು ದಾಟಿಸಿದವಳಲ್ಲ. ನೀಲಮ ಹೋಗಿ ಹೋಗಿ ಕಾಡಿ, "ಅಜ್ಜೀ, ನನ್ನ ಜೀವಾ ಹೋದ್ರೂ ಇದಕ್ಕ ಏನೂ ಆಗಗೊಡೂದಿಲ್ಲ" ಎಂದು ಮಾತು ಕೊಟ್ಟು ತಂದಿದ್ದಳು. ಇವತ್ತು ಫೋಟೋ. ಸಂಜೆ ಮುದುಕಿ ತಾನೇ ಬಂದು ಒಯ್ಯುವವಳು.

ಹೋದದ್ದು ಒಂದು ಕಟ್ಟಷ್ಟೇ ಅಲ್ಲ. ಸುದ್ದಿ ಹಬ್ಬಿದರೆ ಅಥಣಿ, ಕಾಗವಾಡ, ರಾಯಬಾಗದ ಯಾವ ಮನೆಯವರೂ ಇನ್ನೊಂದು ಗರಿಯನ್ನು ನಂಬಿ ಕೊಡುವುದಿಲ್ಲ. ನೀಲಮಳ ಮಾತಿಗೆ ಮೂರು ಕಾಸಿನ ಕಿಮ್ಮತ್ತೂ ಉಳಿಯುವುದಿಲ್ಲ.

"ಪೊಲೀಸರು ಬ್ಯಾಡ. ಮನೀ ಮರ್ಯಾದಿ ಬಜಾರಕ್ಕ ಯಾಕ?" ಎಂದರು ಅಧ್ಯಕ್ಷ ಕಾಕಾಸಾಹೇಬರು. ಸಕ್ಕರೆ ಕಾರ್ಖಾನೆಯಿಂದ ನಿವೃತ್ತರಾದ ಶಿಸ್ತಿನ ಮನುಷ್ಯ. ಅವರ ಮಾತಿಗೆ ಎದುರಾಡುವವರಿರಲಿಲ್ಲ. ಆದರೆ ಅಷ್ಟರಲ್ಲಿ ನೀಲಮ ಪೊಲೀಸ್ ಠಾಣೆಗೆ ಫೋನು ಮಾಡಿ ಆಗಿತ್ತು.

ಫೌಜದಾರ ಸಪನಾ ಬಂದವರೇ ಬೀಗ ನೋಡಿದರು.

"ಮುರಿದಿಲ್ಲ. ಕೀಲಿ ಎಷ್ಟು?"

"ಎರಡ್ರೀ. ಒಂದು ನನ್ನ ಹಂತ್ಯಾಕ, ಒಂದು ಸಾಹೇಬರ ಹಂತ್ಯಾಕ," ಎಂದಳು ನೀಲಮ.

"ನಂದು ಮನ್ಯಾಗ, ತಿಜೋರಿಯಾಗ ಐತಿ," ಎಂದರು ಕಾಕಾಸಾಹೇಬರು.

"ನಿಮ್ಮದು, ನೀಲಮ?"

"ರಾತ್ರಿ ಪೂರಾ ನನ್ನ ಪರ್ಸಿನ್ಯಾಗ..."

ಹೇಳಿದ ಮೇಲೆ ಅವಳಿಗೇ ಹೊಳೆಯಿತು — ತನ್ನ ಕೊರಳಿಗೆ ತಾನೇ ಹಗ್ಗ ಹಾಕಿಕೊಂಡಂತಾಯಿತಲ್ಲ!

ಸಪನಾ ಫೋಟೋ ತೆಗೆಯುವ ಸುರಜನ ಕಡೆ ತಿರುಗಿದರು. "ಕೊಲ್ಲಾಪುರದಾಗ ಇದಕ್ಕ ಏನು ರೇಟ್ ಬರ್ತೈತಿ ಅಂತ ಕೇಳಿದ್ಯಂತ ನೀ?"

"ಚೇಷ್ಟಾ ಮಾಡಿದ್ದೆ ಮೇಡಂ! ಖರೇನ, ಬರೇ ಚೇಷ್ಟಾ!"

ಉಳಿದವನು ಕಸ ಗುಡಿಸುವ ಭರಮು. ಬಾಗಿಲ ಹತ್ತಿರ ನಿಂತು ಬೆವರುತ್ತಿದ್ದ. ಒಂದು ಕೈ ಕಿಸೆಯೊಳಗೇ ಇತ್ತು.

"ಕಿಸೇದಾಗ ಏನು?"

ಹೊರಬಂದದ್ದು ಚರ್ಮದ ಪಟ್ಟಿಯ ಕೈಗಡಿಯಾರ.

"ನಂದು!" ಎಂದು ಕೂಗಿದ ಕಾಕಾಸಾಹೇಬರು ಥಟ್ಟನೆ ಬಾಯಿ ಮುಚ್ಚಿದರು.

"ಕಳವು ಮಾಡಿಲ್ರೀ ಅವ್ವಾರ!" ಭರಮು ಗಡಿಯಾರವನ್ನು ಸಪನಾರ ಮುಂದೆ ಹಿಡಿದ. "ಮುಂಜಾನೆ ಸಾಹೇಬರ ಮನೀಂದ ಗೇಟಿನ ಕೀಲಿ ತಂದು ಒಳಗ ಬಂದಾಗ ಹಿತ್ತಲ ನಳದ ಕಟ್ಟಿ ಮ್ಯಾಲಿತ್ತು. ಸಾಹೇಬರಿಗೆ ಕೊಡಬೇಕು ಅನ್ನೂದ್ರಾಗ ಈ ಗದ್ಲ ಆತು. ಅಂಜಿ ಇಟ್ಕೊಂಡ್ಯಾ."

"ಸಿಕ್ಕನಲ್ಲ ಕಳ್ಳ!" ಎಂದ ಸುರಜ. ನೀಲಮಳ ಎದೆ ಒಂದು ಗಳಿಗೆ ಹಗುರಾಯಿತು. ಹಗುರಾದದ್ದಕ್ಕೆ ಮರುಗಳಿಗೆ ನಾಚಿಕೆಯೂ ಆಯಿತು.

ಸಪನಾ ಮಾತ್ರ ಭರಮುವನ್ನು ನೋಡುತ್ತಿರಲಿಲ್ಲ. ಗಡಿಯಾರವನ್ನು ತಿರುವಿ ಹಾಕುತ್ತಿದ್ದರು.

"ನೀಲಮ, ಇದನ್ನ ಸಾಹೇಬರ ಕೈಯಾಗ ಕಡೀಕ ಯಾವಾಗ ನೋಡಿದ್ರಿ?"

"ನಿನ್ನೆ ಎಲ್ಲಾರೂ ಹೊಂಟಾಗ. ಗೇಟಿನ್ಯಾಗ ನಿಂತು ವ್ಯಾಳ್ಯಾ ನೋಡಿ ಗಾಡಿ ಹತ್ತಿದ್ರು."

"ಭರಮು ಯಾವಾಗ ಹೋದ?"

"ನನ್ನ ಮುಂದನ ಗೇಟಿಗೆ ಬೀಗ ಹಾಕಿ, ಕೀಲಿ ಸಾಹೇಬರ ಕೈಯಾಗ ಕೊಟ್ಟು ಹೋದ."

"ಕಟ್ಟು ಎಲ್ಲೆಲ್ಲಿ ಹುಡುಕೀರಿ?"

"ಕಪಾಟಿನ ಬುಡಕ, ಟೇಬಲ್ ಕೆಳಗ, ಕಸದ ಡಬ್ಬಿ..."

"ಬರೇ ಕೆಳಗ!" ಸಪನಾ ನಕ್ಕರು. "ಮ್ಯಾಲ ನೋಡ್ರಿ. ಎಲ್ಲಾರ ತಲಿಗಿಂತ ಮ್ಯಾಲ, ಸ್ವಚ್ಛ ಇರೋ ಜಾಗಾದಾಗ."

ಅಧ್ಯಕ್ಷರ ಕೋಣೆಯ ಅಟ್ಟಕ್ಕೆ ಸುರಜ ಏಣಿ ಹಚ್ಚಿದ. ಧೂಳು ಒರೆಸಿದ ಜಾಗದಲ್ಲಿ, ಮಡಿಸಿಟ್ಟ ಬಿಳಿ ಶಲ್ಯದ ಮೇಲೆ ಅಕ್ಕೋಳದ ಕಟ್ಟು! ನೀಲಮ ಹಲಗೆ, ದಾರ, ಗರಿ ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಒಂದೂ ಮುಕ್ಕಾಗಿರಲಿಲ್ಲ. ಆಗ ಅವಳ ಕಣ್ಣು ತುಂಬಿ ಬಂತು; ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.

"ಗಡಿಯಾರ ಕದ್ದಾವ ಯಾರು ಅಂತ ಎಲ್ಲಾರೂ ನೋಡಿದ್ರಿ," ಎಂದರು ಸಪನಾ. "ಅದನ್ನ ಬಿಚ್ಚಿದ್ದು ಯಾಕ ಅಂತ ಯಾರೂ ಕೇಳಲಿಲ್ಲ. ಇದು ಚರ್ಮದ ಪಟ್ಟಿ. ಬಸದಿಗೆ ಹೋಗಾವ್ರು ಚರ್ಮದ್ದು ಅಂತ ಬೆಲ್ಟು, ಪರ್ಸು ಹೊರಗಿಡ್ತಾರ, ಕೈಕಾಲು ತೊಳ್ಕೊಂಡು ಶಾಸ್ತ್ರ ಮುಟ್ತಾರ. ರೊಕ್ಕದಾಸೆಗೆ ಬಂದ ಕಳ್ಳ ಹಂಗ ಮಾಡ್ತಾನೇನು? ಇಂವಾ ಭಕ್ತ. ಭಕ್ತ ಶಾಸ್ತ್ರಾನ ಕಾಲ ಬುಡಕ ಇಡಾಂಗಿಲ್ಲ. ಕೀಲಿ ಯಾರದು? ಗಡಿಯಾರ ಯಾರದು? ಗೇಟಿನಿಂದ ಹೋಗಿ ತಿರುಗಿ ಬಂದಾವ್ರು ಯಾರು? ಕಾಕಾಸಾಹೇಬರ, ನೀವ!"

ಕಾಕಾಸಾಹೇಬರು ಕುರ್ಚಿಯಲ್ಲಿ ಕುಸಿದರು.

"ಮಾರಾಕಲ್ಲವ್ವಾ. ಫೋಟೋ ಬ್ಯಾಡ ಅಂದ್ರ ಕಮಿಟಿಯವ್ರು ನನ್ನ ಮಾತು ಕೇಳಲಿಲ್ಲ. ನಾಳೆ ಮೊಬೈಲಿಗೆ ಬರ್ತೈತಿ. ಮಂದಿ ಎಂಜಲಗೈಲೆ ತಿಕ್ತಾರ, ಸಂಡಾಸದಾಗ ಕುಂತು ನೋಡ್ತಾರ! ಇವತ್ತೊಂದಿನ ತಪ್ಪಿಸಿ, ಸಂಜೀಕ ಅಕ್ಕುತಾಯಿ ಕೈಗೆ ನಾನ ಕೊಡಾವ ಇದ್ದೆ."

"ಮತ್ತ ನಾನು?" ನೀಲಮ ಅವರ ಎದುರು ಬಂದು ನಿಂತಳು. "ಮುಂಜಾನಿಂದ ಕಳ್ಳಿಯಾಗಿ ನಿಂತೀನಿ ಸಾಹೇಬರ. ಭರಮು ನಿಂತಾನ. ನೀವು ಸುಮ್ಮನ ನೋಡಾಕತ್ತಿದ್ರಿ."

ಅವರು ತಲೆಯೆತ್ತಲಿಲ್ಲ. "ಶಾಸ್ತ್ರದ ವಿಚಾರ ಮಾಡಿದೆ, ಮನುಷ್ಯರದು ಮಾಡಲಿಲ್ಲ. ತಪ್ಪಾತು, ನಿಮ್ಮಿಬ್ಬರಿಗೂ ಅನ್ಯಾಯ ಮಾಡಿದೆ."

ಸಂಜೆ ಅಕ್ಕುತಾಯಿ ಬಂದಾಗ ನೀಲಮ ಒಂದನ್ನೂ ಮುಚ್ಚಿಡಲಿಲ್ಲ. ಕಟ್ಟನ್ನು ಮುಂದಿಟ್ಟು, ನಡೆದದ್ದನ್ನೆಲ್ಲ ಹೇಳಿ, "ಫೋಟೋ ತಗದಿಲ್ಲ ಅಜ್ಜೀ. ಬೇಕಾದ್ರ ಹಂಗ ಒಯ್ಯಿರಿ" ಎಂದಳು.

ಮುದುಕಿ ಕಟ್ಟಿಗೆ ಕೈಮುಗಿದಳು. ಆಮೇಲೆ ಕಾಕಾಸಾಹೇಬರನ್ನು ಮೇಲಿಂದ ಕೆಳಗೆ ನೋಡಿದಳು.

"ನಮ್ಮತ್ತಿ ಹೂವೇರಿಸಿದಳು, ನಾನೂ ಏರಿಸಿದೆ. ಇದರಾಗೇನೈತಿ ಅಂತ ಒಬ್ಬರಿಗೂ ಗೊತ್ತಿಲ್ಲ. ಸಂಡಾಸದಾಗ ಕುಂತರ ಕುಂದ್ರಲಿ ಬಿಡ್ರಿ ಸಾಹೇಬರ, ಯಾರರೆ ಒಬ್ಬರು ಓದಲಿ!"

ಮೊದಲು ನಕ್ಕವನು ಭರಮು. ಆಮೇಲೆ ಫೌಜದಾರರು, ಸುರಜ, ಅಳುತ್ತಲೇ ನೀಲಮ. ಕಟ್ಟಕಡೆಗೆ, ತಡೆಯಲಾರದೆ, ಕಾಕಾಸಾಹೇಬರೂ.

"ಹಚ್ಚಪಾ ಲೈಟು," ಎಂದಳು ಅಕ್ಕುತಾಯಿ, ಸುರಜನಿಗೆ. "ನಾ ಕಡೀ ಬಸ್ಸಿಗೆ ಹೋಗ್ತೀನಿ."