ಶಿರಸ್ತ್ರಾಣಕ್ಕೆ ಧೂಪ

ಪಲ್ಲಕ್ಕಿ ಹತ್ತು ಎಂದರೆ ನುಯಿ ಹತ್ತಲಿಲ್ಲ. ಹೊರುವವರನ್ನು ಬೈದು ಅಂಗಳದಿಂದಾಚೆ ಅಟ್ಟಿ, ನೇರ ಗಂಡನ ಆಯುಧದ ಕೋಣೆಗೆ ನುಗ್ಗಿದಳು.

ಗಂಡ ಮೊರಿಸುಮಿ ಆ ಬೆಟ್ಟದ ಕೋಟೆಯ ಒಡೆಯ. ಕೆಳಗೆ ಹೊಳೆಯಾಚೆ ದಂಡು ಇಳಿಸಿದ್ದವನು ಅವಳ ಅಪ್ಪನೇ. ಸಂಧಿಗೆಂದು ಮಗಳನ್ನು ಕೊಟ್ಟವನೇ ಈಗ ಸಂಧಿ ಮುರಿದಿದ್ದ. ಅವಳಾದರೂ ಅಪ್ಪನ ಬಳಿ ಬದುಕಿಕೊಳ್ಳಲಿ ಎಂದು ಮೊರಿಸುಮಿ ಪಲ್ಲಕ್ಕಿ ತರಿಸಿದ್ದ. ತಾನು ಮಧ್ಯಾಹ್ನ ಹಿಡಿಯಷ್ಟು ಸವಾರರೊಂದಿಗೆ ಹೊರಬಿದ್ದು ಸಾಯುವುದೆಂದು ತೀರ್ಮಾನಿಸಿದ್ದ.

ಅವನು ಧೂಪದ ಮೇಲೆ ಶಿರಸ್ತ್ರಾಣವನ್ನು ಬೋರಲು ಹಿಡಿದು ಕೂತಿದ್ದ. ಕೋಣೆಯ ತುಂಬ ಅಗರಿನ ಕಂಪು. ಅದರ ಅರ್ಥ ಸಮುರಾಯ್ ಮನೆಯ ಕೂಸಿಗೂ ಗೊತ್ತು. ಕಡಿದ ತಲೆಯನ್ನು ತೊಳೆದು ಗೆದ್ದವನ ಮುಂದಿಡುವಾಗ ಅದು ನಾರಬಾರದು.

ನುಯಿ ಅವನೆದುರು ಕೂತಳು. "ವಾಸನೆ ಚೆನ್ನಾಗಿದೆ. ನಮ್ಮಪ್ಪನಿಗೆ ತುಂಬ ಇಷ್ಟ ಆಗುತ್ತೆ."

"ಹೊರಡು ನುಯಿ."

"ಇಷ್ಟು ವರ್ಷ ನನ್ನ ಹತ್ರ ಬರುವಾಗ ಕುದುರೆ ಬೆವರು ನಾರ್ತಾ ಬಂದ್ರಿ. ನಮ್ಮಪ್ಪನಿಗೆ ಮಾತ್ರ ಅಗರು. ನಾನೇನು ಪಾಪ ಮಾಡಿದ್ದೆ, ಯಜಮಾನ್ರೇ?"

ಅವನಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಕದ್ದು ನೋಡಿದ. ಅವಳ ಕಣ್ಣು ಬೈಯುತ್ತಲೇ ಇತ್ತು, ತುಟಿಯ ಅಂಚು ಮಾತ್ರ ನಡುಗುತ್ತಿತ್ತು.

"ನಾನು ಉಳೀಬೇಕಂದ್ರೆ ನಿಮ್ಮಪ್ಪನ್ನ ಕೊಲ್ಲಬೇಕು," ಎಂದ. "ಆಮೇಲೆ ನಿನ್ನ ಮುಖ ಹೇಗೆ ನೋಡ್ಲಿ? ನೋಡದೆ ಹೇಗಿರ್ಲಿ?"

ನುಯಿ ಅವನ ಅಂಗಿಯ ತೋಳಂಚನ್ನು ಎರಡು ಬೆರಳಲ್ಲಿ ಹಿಡಿದಳು. ಕೋಟೆಯ ಬಾಗಿಲು ಹಾಕಿಕೊಂಡು ಕೂತರೆ ಸಾಕು, ಕಣಿವೆಗೆ ಹಿಮ ಬಿದ್ದರೆ ಅಪ್ಪನ ಆಳುಗಳು ನಿಲ್ಲುವುದಿಲ್ಲ, ಎಲ್ಲರೂ ಹೊಲದಿಂದ ಎಳೆದು ತಂದ ರೈತರು ಎಂದಳು.

"ಹೇಡಿ ಅಂತಾರೆ."

"ಅನ್ಲಿ. ಅವರ ಜೊತೆ ಸಂಸಾರ ಮಾಡ್ಬೇಕಾ ನೀವು?"

ಎಂದವಳೇ ಬಗ್ಗಿ ಧೂಪದ ಕೆಂಡಕ್ಕೆ ಬೂದಿ ಮುಚ್ಚಿದಳು.

ಅಷ್ಟರಲ್ಲಿ ಮುದುಕ ದಳಪತಿ ಗೆನ್ಬಾ ಬಂದು, ಕುದುರೆಗಳು ಸಿದ್ಧ ಎಂದ. ಜೀನು ಇಳಿಸಿ, ಬಾಗಿಲು ಭದ್ರ ಮಾಡಿ, ಹಿಮ ಬೀಳುವ ತನಕ ಕೋಟೆ ಕಾಯೋಣ ಎಂದು ಮೊರಿಸುಮಿ ಹೇಳಿದ. ಗೆನ್ಬಾನ ಮುಖ ಕಪ್ಪಿಟ್ಟಿತು. ಮೊರಿಸುಮಿಯ ಅಪ್ಪನ ಕಾಲದ ಮನುಷ್ಯ, ತಾನೇ ಎತ್ತಿ ಆಡಿಸಿದ ಒಡೆಯ ಹೀಗಂದದ್ದು ಅವನಿಗೆ ಹಿಡಿಸಲಿಲ್ಲ. ಆ ನೋಟ ಮೊರಿಸುಮಿಗೆ ಈಟಿಯಂತೆ ನಾಟಿತು. ಆದರೂ ಅವನೆದುರೇ ಹೆಂಡತಿಯ ಕೈ ಹಿಡಿದ. ಆ ಸೀಮೆಯಲ್ಲಿ ಯಾವ ಒಡೆಯನೂ ಹಾಗೆ ಮಾಡುವುದಿಲ್ಲ. ಗೆನ್ಬಾ ತೊಲೆ ನೋಡುತ್ತ ಹೊರಟುಹೋದ.

"ಹಿಮ ಕರಗಿದ ಮೇಲೆ?" ಮೊರಿಸುಮಿ ಮೆಲ್ಲಗೆ ಕೇಳಿದ.

"ನಾನೇ ಹೋಗಿ ಅಪ್ಪನ ಹತ್ರ ಜಗಳ ಆಡ್ತೀನಿ. ಅಲ್ಲೀವರೆಗೆ ನೀವು ನನ್ನ ಹತ್ರ ಆಡಿ."

ಅವಳ ಬೆರಳು ತಣ್ಣಗಿದ್ದವು. ಹೊರಗೆ ಹೆಬ್ಬಾಗಿಲ ಅಗಳಿ ಬಿದ್ದ ಸದ್ದು ಕೇಳಿತು. ಅವನು ಕೈ ಬಿಡಲಿಲ್ಲ.