ಬೈರಾಸಿನ ತುದಿ

ಆ ಬೆಳಿಗ್ಗೆ ಮುಂಬಯಿ ಬಳಿಯ ನೆರೂಳಿನ ನಮ್ಮ ಮನೆಯಲ್ಲಿ ನೀರುದೋಸೆಯ ಕಾವಲಿ ಒಲೆಯ ಮೇಲಿತ್ತು. ಅಜ್ಜನ ಜೊತೆ ಸೈಕಲ್ ಕಲಿಯಲು ಕೆಳಗಿನ ಗಾರ್ಡನ್ನಿಗೆ ಹೋಗಿದ್ದ ಮೊಮ್ಮಗಳು ತೃಷಾ ಒಬ್ಬಳೇ ಮೇಲೆ ಬಂದಳು. ಕೈಯಲ್ಲಿ ಅಜ್ಜ ಹೆಗಲಿಗೆ ಹಾಕುವ ಬೈರಾಸು.

"ಅಜ್ಜಿ, ಅಜ್ಜ ಬೆಂಚ್ ಮೇಲೆ ಕೂತಿದ್ದಾರೆ. ಉಠ್ ನಹೀಂ ರಹೇ, ಏಳ್ತಾನೇ ಇಲ್ಲ."

ಒಲೆ ಆರಿಸಿ, ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದೆ. ಅವರು ಬೆಂಚಿಗೆ ಒರಗಿದ್ದರು. ಮರದ ನೆರಳು ಮುಖದ ಮೇಲೆ ಮೆಲ್ಲಗೆ ಆಡುತ್ತಿತ್ತು. ಕಣ್ಣು ಮುಚ್ಚಿತ್ತು. ತುಟಿಯ ಕೊನೆಯಲ್ಲಿ ಮಾತ್ರ ನನಗೆ ಗೊತ್ತಿದ್ದ ಆ ತುಂಟ ನಗು ಇನ್ನೂ ಉಳಿದಿತ್ತು.

ಆ ನಗುವನ್ನು ನಾನು ಮೊದಲು ಕಂಡದ್ದು ಠಾಣೆ ಪಟ್ಟಣದ ಕೋಪರಿಯಲ್ಲಿ, ಮದುವೆಯಾಗಿ ಉಡುಪಿಯಿಂದ ಬಂದ ವರ್ಷ. ನಮ್ಮ ಯಜಮಾನರು ಆಗ ಒಂದು ಹೋಟೆಲಿನ ಗಲ್ಲೆಯಲ್ಲಿ ಹಣ ಎಣಿಸುತ್ತಾ ಕೂರುತ್ತಿದ್ದರು. ಹೆಗಲ ಮೇಲೆ ಸದಾ ಒಂದು ಬೈರಾಸು, ಮುಖ ಒರೆಸುವ ಬಟ್ಟೆ. ನನಗೆ ಸೈಕಲ್ ಕಲಿಯುವ ಆಸೆಯೆಂದು ಹೇಗೋ ತಿಳಿದುಕೊಂಡು, ಒಂದು ಮುಂಜಾನೆ ಹೋಟೆಲಿನ ಸೈಕಲನ್ನು ಮೈದಾನಕ್ಕೆ ತಂದರು. ಬಯಲಲ್ಲಿ ಹೆಂಡತಿಯ ಸೊಂಟ ಹಿಡಿಯಲು ಅವರಿಗೆ ನಾಚಿಕೆ. ಅದಕ್ಕೇ ಬೈರಾಸನ್ನು ನನ್ನ ಸೊಂಟಕ್ಕೆ ಸುತ್ತಿ, ಎರಡು ತುದಿಗಳನ್ನೂ ಹಿಡಿದು ಹಿಂದೆ ಓಡಿದರು.

"ಹಿಡ್ಕೊಂಡಿದ್ದೀರಲ್ಲ?" ಎಂದೆ.

"ನನ್ನ ಹೆಸರು ಹೇಳು. ಹೇಳಿದ್ರೆ ಬಿಡೂದಿಲ್ಲ."

ಹೆಂಡತಿ ಗಂಡನ ಹೆಸರು ಹೇಳುವ ಕ್ರಮ ನಮ್ಮಲ್ಲಿರಲಿಲ್ಲ.

"ಹೋಯ್, ಸುಮ್ಮನೆ ಹಿಡ್ಕೊಳ್ಳಿ ಮಾರಾಯ್ರೆ."

ತುಸು ದೂರ ಸಾಗಿ ತಿರುಗಿ ನೋಡಿದೆ. ಅವರು ಎಷ್ಟೋ ಹಿಂದೆ ಬರಿಗೈಯಲ್ಲಿ ನಿಂತು ನಗುತ್ತಿದ್ದರು. ಬೈರಾಸಿನ ತುದಿಗಳು ನನ್ನ ಬೆನ್ನ ಹಿಂದೆ ಗಾಳಿಗೆ ಹಾರುತ್ತಿದ್ದವು. ಆ ನೋಟಕ್ಕೆ ನಾಚಿದೆ, ಬಿದ್ದೆ. ಓಡಿಬಂದು ಎಬ್ಬಿಸುವಾಗ ಅವರಿಗೆ ಬಯಲಿನ ನಾಚಿಕೆಯ ನೆನಪೇ ಇರಲಿಲ್ಲ.

ಆಮೇಲೆ ಜೀವನವಿಡೀ ಅದೇ ಚೇಷ್ಟೆ. ಒಮ್ಮೆಯಾದರೂ ಹೆಸರು ಹೇಳೆಂದು ಕಾಡುವರು. ಮುಂದಿನ ಜನ್ಮಕ್ಕಿರಲಿ ಎಂದು ನಾನು ಕಾಫಿ ಕೊಡುವೆ.

ಮಳೆಗಾಲಕ್ಕೆ ಮೊದಲು ತೃಷಾಳಿಗೆ ಸೈಕಲ್ ಕಲಿಸಿಯೇ ತೀರುವುದು ಅವರ ಕೊನೆಯ ಹಟವಾಗಿತ್ತು. ಅವರು ಹೋದ ಮೇಲೆ ಮಗು ಸೈಕಲ್ ಮುಟ್ಟಲಿಲ್ಲ. ನನ್ನ ಮಗ ವಿಶಾಲ್ ಸೀಟು ಹಿಡಿಯುತ್ತೇನೆಂದರೂ ಅತ್ತಳು. ಅವರ ಆಸೆ ಹೀಗೆಯೇ ಉಳಿದುಹೋಗುತ್ತದಲ್ಲ ಎಂಬ ಕೊರಗು ನನ್ನನ್ನು ತಿನ್ನುತ್ತಿತ್ತು.

ಬೊಜ್ಜದ ದಿನ, ಉತ್ತರಕ್ರಿಯೆಯ ಊಟ ಮುಗಿದು ನೆಂಟರು ಮಲಗಿದ್ದಾಗ, ಅವಳು ನನ್ನ ಮಡಿಲಿಗೆ ಬಂದಳು.

"ಅಜ್ಜಿ, ಬೈರಾಸಿನ ತುದಿ ಅಜ್ಜ ಹಿಡಿದಿದ್ದಾರೆ ಅಂತ ನಾನು ಹೋದೆ. ಪೇಡ್ ತಕ್, ಆಚೆ ತುದಿಯ ಮರದವರೆಗೂ ಹೋಗಿ ವಾಪಸ್ ಬಂದೆ. ಅವರು ಬೆಂಚಲ್ಲಿದ್ದರು. ನಾನು ಪೀಛೇ, ಹಿಂದೆ ತಿರುಗಿ ನೋಡಲೇ ಇಲ್ಲ."

ಆಗ ಆ ನಗು ನನಗೆ ಅರ್ಥವಾಯಿತು.

"ಅಜ್ಜ ನೋಡಿದ್ರು ಪುಟ್ಟಿ. ನೀನು ಒಬ್ಬಳೇ ಸೈಕಲ್ ಬಿಟ್ಟದ್ದನ್ನ ನೋಡಿ, ಖುಷಿಯಲ್ಲೇ ಕೂತ್ರು."

ಅವಳನ್ನು ಕೆಳಗೆ ಕರೆದುಕೊಂಡು ಹೋದೆ. ಅದೇ ಬೈರಾಸನ್ನು ಅವಳ ಸೊಂಟಕ್ಕೆ ಸುತ್ತಿದೆ. ನನ್ನ ಮೊಣಕಾಲಿನ ಓಟ ಎಷ್ಟು ದೂರ? ಹಿಡಿದಿದ್ದೀಯಾ ಎಂದು ಅವಳು ಕೇಳುತ್ತಲೇ ಇದ್ದಳು. ಬೆಂಚಿನ ಹತ್ತಿರ ಬಂದಾಗ ತುದಿಗಳನ್ನು ಬಿಟ್ಟೆ. ಸಂಜೆಯ ಬಿಸಿಲಿನಲ್ಲಿ ಅವು ಎರಡು ರೆಕ್ಕೆಗಳಂತೆ ದೂರವಾದವು. ಆಚೆ ತುದಿಯ ಮರದ ಬಳಿ ಅವಳು ತಿರುಗಿ ನೋಡಿದಳು. ಬೀಳಲಿಲ್ಲ.

ದೀಪ ಹಚ್ಚುವ ಹೊತ್ತು. ಅಗಲಿದವರನ್ನು ಬಾಗಿಲಲ್ಲಿ ನಿಂತು, ಹೆಸರು ಹಿಡಿದು ಒಳಗೆ ಕರೆಯುವ ಕ್ರಮ ನಮ್ಮದು. ಮೈದುನ ಚನಿಯ ಅಣ್ಣನನ್ನು ಕರೆಯಲು ಮುಂದೆ ಬಂದಾಗ ಅವನನ್ನು ತಡೆದೆ. ನಾನೇ ಕರೆಯುತ್ತೇನೆಂದೆ. ಹಿರಿಯರು ಮುಖ ಮುಖ ನೋಡಿಕೊಂಡರು. ಆಮೇಲೆ ಬಾಗಿಲಿಗೆ ದಾರಿ ಬಿಟ್ಟರು.

ಮೈದಾನದ ಆ ಮೊದಲ ದಿನದ ಹುಡುಗಿಯಂತೆ ಕೆನ್ನೆ ಬಿಸಿಯಾಯಿತು.

"ಕಮಲಾಕ್ಷ," ಎಂದೆ. "ಒಳಗೆ ಬನ್ನಿ."

ದೀಪದ ಕುಡಿ ಒಮ್ಮೆ ತೂಗಿ ನಿಂತಿತು. ನಾನು ಕೈಮುಗಿದೆ.

ಉಡುಪಿಯ ಕೃಷ್ಣಾ, ಇವರನ್ನು ಇಷ್ಟು ದಿನ ನಾನು ಹಿಡಿದಿದ್ದೆ, ಇನ್ನು ನೀನು ಹಿಡಿದುಕೋ. ಇವರ ಆತ್ಮಕ್ಕೆ ಶಾಂತಿ ಕೊಡು. ಹೋಗುವ ದಾರಿಯಲ್ಲಿ ಒಮ್ಮೆ ತಿರುಗಿ ನೋಡಿದರೆ, ನಾನು ನಗುತ್ತಾ ನಿಂತಿರುವುದು ಅವರಿಗೆ ಕಾಣಲಿ.