ಕುರಿಗಳು ತಲೆ ಎತ್ತಿದಾಗ

"ಮತ್ತ ತಲಿ ಎತ್ತಿದಿ," ಎಂದ ನಿತಿನ.

ಚೆಂಡು ಹತ್ತು ಹೆಜ್ಜೆ ಉರುಳಿ ಒಣಹುಲ್ಲಿನಲ್ಲಿ ನಿಂತಿತು. ಸಾರಿಕಾ ಅದರ ಕಡೆ ನೋಡಲಿಲ್ಲ. ಗಾಲ್ಫ್ ಕೋಲನ್ನು ಹಿಡಿದುಕೊಂಡು ಎದುರಿನ ಒಡ್ಡಿನ ಕಡೆಗೇ ನೋಡುತ್ತಿದ್ದಳು.

ಒಡ್ಡಿನ ಆಚೆ ಮೂವತ್ತು ಕುರಿಗಳಿದ್ದವು. ಒಂದೂ ಮೇಯುತ್ತಿರಲಿಲ್ಲ. ಎಲ್ಲವೂ ಒಟ್ಟಿಗೇ ತಲೆ ಎತ್ತಿದ್ದವು. ಕೆಲವುಗಳ ಬಾಯಿಂದ ಹುಲ್ಲು ಇನ್ನೂ ಜೋತಾಡುತ್ತಿತ್ತು. ಅವು ಸಾರಿಕಾಳ ಬೆನ್ನ ಹಿಂದೆ ಯಾರೋ ನಿಂತಿರುವಂತೆ ನೋಡುತ್ತಿದ್ದವು.

ಸಾರಿಕಾ ಮೆಲ್ಲಗೆ ಹಿಂದೆ ತಿರುಗಿದಳು. ಬಯಲು ಖಾಲಿ ಇತ್ತು. ದೂರದಲ್ಲಿ ಅಕ್ಕಲಕೋಟೆಯ ರಸ್ತೆ, ಅದರ ಮೇಲೆ ಎಸ್‌ಟಿ ಬಸ್ಸು ಎಬ್ಬಿಸಿದ ಧೂಳು. ಅಷ್ಟೇ.

ಅವಳಿಗೆ ಭಯವಾಯಿತು. ಸಮಾಧಾನವೂ ಆಯಿತು. ಅಜ್ಜ ಇವತ್ತೂ ಬಂದಿದ್ದಾನೆ.

ನಾಗಣಸೂರಿನ ಹೊರಗಿದ್ದ ಆ ಬಯಲು ನಿತಿನನ ಅಪ್ಪ ನಾಗಣ್ಣನವರದು. ಅವರು ಸೋಲಾಪುರದ ಚಾದರದ ವ್ಯಾಪಾರಿ. ಪುಣೆಯಲ್ಲಿ ಗಾಲ್ಫ್ ಕಲಿತು ಬಂದವರು, ಬೀಳು ಬಿದ್ದ ಹೊಲದಲ್ಲಿ ಮೂರು ಬಾವುಟ ನೆಟ್ಟು ಆಟದ ಬಯಲು ಮಾಡಿಸಿದ್ದರು. ಊರ ಸಾಲೆಯ ಐದಾರು ಮಕ್ಕಳಿಗೆ ಸಂಜೆ ಗುರುನಾಥ ಸರ್ ಅಲ್ಲಿ ಆಟ ಕಲಿಸುತ್ತಿದ್ದರು.

ಬಯಲನ್ನು ಕಾಯುತ್ತಿದ್ದವನು ಸಾರಿಕಾಳ ಅಜ್ಜ ಮರೆಪ್ಪ. ಹುಲ್ಲು ಕತ್ತರಿಸಲು ಯಂತ್ರ ಬೇಕಿರಲಿಲ್ಲ. ಅವನ ಕುರಿಗಳೇ ಮೇಯ್ದು ಸಮ ಮಾಡುತ್ತಿದ್ದವು. ಮರೆಪ್ಪಜ್ಜ ಒಂದು ದಿನವೂ ಚೆಂಡು ಹೊಡೆದವನಲ್ಲ. ಆದರೆ ಐದು ವರ್ಷ ನಿಂತು ನೋಡಿದ್ದ. ಮೊಮ್ಮಗಳಿಗೆ ತನ್ನ ಮಾತಿನಲ್ಲೇ ಹೇಳಿಕೊಟ್ಟಿದ್ದ. ಕೋಲನ್ನು ಕುರಿಮರಿಯ ಕೊರಳು ಹಿಡಿದಂತೆ ಹಿಡಿಯಬೇಕು. ಬಿಗಿದರೆ ನೋಯುತ್ತದೆ, ಬಿಟ್ಟರೆ ಓಡುತ್ತದೆ. ಮೊದಲು ಎದೆ ತಿರುಗಬೇಕು, ಕೈ ಅದರ ಬೆನ್ನು ಹತ್ತಬೇಕು. ಮೈಭಾರ ಬಲಗಾಲಿನಿಂದ ಎಡಗಾಲಿಗೆ ಇಳಿಯಬೇಕು. ಕೊನೆಗೆ ಕಂಬಳಿಯನ್ನು ಹೆಗಲಿಗೆ ಎಸೆದಂತೆ ಮುಗಿಸಬೇಕು.

ವೇಗ ತಪ್ಪದಿರಲೆಂದು ಅವನು ನಾಲಿಗೆಯಿಂದ ಎರಡು ಸಲ ಟ್ಲಕ್ ಎನ್ನಿಸುತ್ತಿದ್ದ. ಕೋಲು ಮೇಲೇರಿದಾಗ ಒಂದು, ಕೆಳಗಿಳಿದಾಗ ಒಂದು. ಕುರಿಗಳನ್ನು ನಿಲ್ಲಿಸುವಾಗಲೂ ಅವನು ಹಾಗೆಯೇ ಮಾಡುತ್ತಿದ್ದ.

ದೀಪಾವಳಿಯ ಮರುವಾರ ಕುರಿಗಾರರ ದೇವರು ಬೀರೋಬಾ ಅವನನ್ನು ತನ್ನ ಬಳಿಗೆ ಕರೆದುಕೊಂಡ.

ಅಜ್ಜ ಇದ್ದಾಗ ಸಾರಿಕಾಳ ಚೆಂಡು ಮೂರನೆಯ ಬಾವುಟದ ಹತ್ತಿರ ಹೋಗುತ್ತಿತ್ತು. ಈಗ ಸಂಕ್ರಾಂತಿ ಮುಗಿದಿತ್ತು. ಚೆಂಡು ಮೊದಲನೆಯ ಬಾವುಟವನ್ನೂ ಮುಟ್ಟುತ್ತಿರಲಿಲ್ಲ. ಗುರುನಾಥ ಸರ್ ಬೈಯಲಿಲ್ಲ. ಕೋಲು ಬೀಸುವಾಗ ತಲೆಯಲ್ಲಿ ಒಂದೇ ಮಾತು ಇರಬೇಕು, ಅದೂ ಇಲ್ಲದಿದ್ದರೆ ಇನ್ನೂ ಚಲೋ ಎಂದರು. "ನಿನ್ನ ತಲ್ಯಾಗ ಮಂಗಳವೇಢೆ ಮಾರ್ಕೆಟ್ ಯಾರ್ಡ್ ನಡದೈತವ್ವ," ಎಂದರು. ಮಕ್ಕಳೆಲ್ಲ ನಕ್ಕರು.

ಸಾರಿಕಾ ನಿಜ ಹೇಳಲಿಲ್ಲ. ಚೆಂಡು ಎಷ್ಟು ದೂರ ಹೋದರೂ ಅವಳಿಗೆ ಒಂದೇ. ಅವಳು ಬರುತ್ತಿದ್ದದ್ದು ಕುರಿಗಳು ತಲೆ ಎತ್ತುವುದನ್ನು ನೋಡಲು. ಕೋಲು ಎತ್ತಿದಾಗಲೆಲ್ಲ ಅವು ತಲೆ ಎತ್ತುತ್ತಿದ್ದವು, ಒಂದು ಸಲವೂ ತಪ್ಪದೆ. ಎತ್ತಿದವೋ ಇಲ್ಲವೋ ಎಂದು ನೋಡಲು ಅವಳೂ ತಲೆ ಎತ್ತುತ್ತಿದ್ದಳು. ಕಣ್ಣು ತಪ್ಪಿದ ಚೆಂಡು ಹಾರದೆ ಉರುಳಿ ಹೋಗುತ್ತಿತ್ತು.

ಈಗ ಕುರಿ ಕಾಯುತ್ತಿದ್ದವಳು ಅಜ್ಜಿ ಸೋಮವ್ವ. ಒಮ್ಮೆ ಸಾರಿಕಾ ಅವಳನ್ನು ಕೇಳಿದ್ದಳು, ನಾನು ಆಡುವಾಗ ನನ್ನ ಹಿಂದೆ ನಿನಗೇನಾದರೂ ಕಾಣುತ್ತದೆಯೇ ಎಂದು.

"ಕಣ್ಣಾಗ ಪೊರಿ ಬಂದೈತಿ, ನನಗೇನ ಕಾಣತೈತಿ," ಎಂದಿದ್ದಳು ಸೋಮವ್ವ. ಕುರಿಗಳ ಕಡೆ ಮುಖ ತಿರುಗಿಸಿ, "ಆದ್ರ ಕುರಿ ಸುಮ್ಮಸುಮ್ಮನ ತಲಿ ಎತ್ತಂಗಿಲ್ಲವ್ವ," ಎಂದಿದ್ದಳು.

ಅಂದಿನಿಂದ ಸಾರಿಕಾಳಿಗೆ ಅನುಮಾನವೇ ಉಳಿಯಲಿಲ್ಲ.

ಇವತ್ತು ಗುರುನಾಥ ಸರ್ ಬಂದಿರಲಿಲ್ಲ. ಸಾರಿಕಾ ಯಾವಾಗ ತಲೆ ಎತ್ತುತ್ತಾಳೆ ಎಂಬುದನ್ನು ವಿಡಿಯೋ ಮಾಡಿ ಕಳಿಸು ಎಂದು ನಿತಿನನಿಗೆ ಹೇಳಿದ್ದರು. ನಿತಿನ ಅವಳ ಬದಿಗೆ, ಚೆಂಡಿನ ಬುಟ್ಟಿಯ ಹತ್ತಿರ ಕುಕ್ಕರುಗಾಲಿನಲ್ಲಿ ಕುಳಿತು ಮೊಬೈಲ್ ಹಿಡಿದ.

ಸಾರಿಕಾ ಮತ್ತೆ ಹೊಡೆದಳು. ಕುರಿಗಳು ತಲೆ ಎತ್ತಿದವು. ಚೆಂಡು ಉರುಳಿತು.

"ತೋರಸು," ಎಂದು ಅವಳು ಬಗ್ಗಿದಳು.

ಮೊಬೈಲಿನಲ್ಲಿ ಮೊದಲು ಗಾಳಿಯ ಸದ್ದು ಕೇಳಿತು. ಆಮೇಲೆ ಒಂದು ಧ್ವನಿ ಬಂತು. ಸಣ್ಣದಾಗಿ, ಗಂಟಲಿನ ಒಳಗಿನಿಂದ.

"ಸಡಲ ಹಿಡಿ. ಎದಿ ತಿರಗಲಿ. ಅವಸರ ಬ್ಯಾಡ, ಅವಸರ ಬ್ಯಾಡ..."

ಟ್ಲಕ್. ಟ್ಲಕ್.

ಮೊಬೈಲ್ ನಿತಿನನ ಕೈಯಿಂದ ಜಾರಿ ಹುಲ್ಲಿಗೆ ಬಿತ್ತು. ಅವನ ಮುಖ ಬಿಳಚಿಕೊಂಡಿತ್ತು.

"ಇದು ಮರೆಪ್ಪಜ್ಜನ ದನಿ," ಎಂದ. "ಅಂವ ಹಿಂಗಽ ಮಾತಾಡತಿದ್ದ."

ಸಾರಿಕಾಳ ತೋಳಿನ ಮೇಲೆ ಕೂದಲು ನಿಮಿರಿದವು. "ಹೌದು. ದಿನಾ ಬರ್ತಾನ," ಎಂದಳು.

ನಿತಿನ ಹಿಂದಕ್ಕೆ ಸರಿದು ಕುಳಿತ. ಸಾರಿಕಾಳೇ ಮೊಬೈಲ್ ಎತ್ತಿಕೊಂಡು ವಿಡಿಯೋ ಮತ್ತೆ ಹಚ್ಚಿದಳು, ಇನ್ನೊಮ್ಮೆ ಹಚ್ಚಿದಳು. ಅವಳ ಹೆಗಲ ಮೇಲಿಂದ ಇಣುಕಿದ ನಿತಿನ ಬೆರಳು ಚಾಚಿ ಚಿತ್ರವನ್ನು ನಿಲ್ಲಿಸಿದ. ಎರಡು ಬೆರಳಿನಿಂದ ದೊಡ್ಡದು ಮಾಡಿದ.

"ನಿನ್ನ ಬಾಯಿ ನೋಡ," ಎಂದ.

ಅವಳ ತುಟಿಗಳು ಅಲುಗಾಡುತ್ತಿದ್ದವು. ಸಡಲ ಹಿಡಿ ಎಂದಾಗ ತುಟಿ ಅಲುಗುತ್ತಿತ್ತು. ಅವಸರ ಬ್ಯಾಡ ಎಂದಾಗಲೂ ಅಲುಗುತ್ತಿತ್ತು. ಟ್ಲಕ್ ಎಂದಾಗ ಗಲ್ಲ ಸ್ವಲ್ಪ ಒಳಗೆ ಸೇರುತ್ತಿತ್ತು.

"ಸುಳ್ಳ," ಎಂದಳು ಸಾರಿಕಾ.

ನಿತಿನ ಗೇಲಿ ಮಾಡಲಿಲ್ಲ. "ನೀ ದಿನಾ ಏನೋ ಗೊಣಗತಿ," ಎಂದ. "ದೇವರ ಹೆಸರ ತಗೋತಿ ಅಂತ ನಾ ಸುಮ್ಮನಿದ್ದೆ."

"ನಾ ಬಾಯಿ ಮುಚ್ಚಿ ಹೊಡಿತೀನಿ. ಆದ್ರೂ ಕುರಿ ತಲಿ ಎತ್ತತಾವು. ನೀನಽ ನೋಡು."

ಅವಳು ಹೊಸ ಚೆಂಡು ಇಟ್ಟಳು. ತುಟಿ ಬಿಗಿದು, ನಾಲಿಗೆಯನ್ನು ಹಲ್ಲಿನ ಹಿಂದೆ ಒತ್ತಿ ಹಿಡಿದಳು.

ಒಳಗೆ ಏನೂ ಇರಲಿಲ್ಲ. ಅಜ್ಜನನ್ನು ಒಯ್ದ ಮೇಲೆ ಅವನ ಮೂಲೆಯಲ್ಲಿ ಕಂಬಳಿ ಮಾತ್ರ ಉಳಿದಿತ್ತಲ್ಲ, ಹಾಗೆ ಇತ್ತು. ಇಷ್ಟು ದಿನ ಕೇಳದಿದ್ದ ಸದ್ದುಗಳು ಅವಳಿಗೆ ಕೇಳತೊಡಗಿದವು. ಕೊಯ್ದ ಜೋಳದ ಕೂಳೆಯಲ್ಲಿ ಗಾಳಿ. ನಿತಿನನ ಉಸಿರು. ಒಡ್ಡಿನ ಆಚೆ ಕುರಿಗಳು ಹುಲ್ಲು ಕೀಳುವ ಚರ್ ಚರ್.

ಕೋಲು ಮೇಲೇರಿತು. ತಲೆ ಎತ್ತಿ ನೋಡಬೇಕಾಗಿಯೇ ಇರಲಿಲ್ಲ. ಚರ್ ಚರ್ ನಿಂತರೆ ಅಜ್ಜ ಇದ್ದಾನೆ. ಅವಳು ಚೆಂಡಿನ ಮೇಲೆ ಕಣ್ಣಿಟ್ಟು ಕಿವಿಗೊಟ್ಟಳು.

ಅದು ನಿಲ್ಲಲಿಲ್ಲ.

ಕೋಲು ಇಳಿದದ್ದು ಅವಳಿಗೆ ತಿಳಿಯಲಿಲ್ಲ. ಚೆಂಡು ಕೋಲಿಗೆ ತಾಗಿತೋ ಇಲ್ಲವೋ, ಅದೂ ತಿಳಿಯಲಿಲ್ಲ. ತಲೆ ಎತ್ತಿದಾಗ ಚೆಂಡು ಆಕಾಶದಲ್ಲಿತ್ತು. ಬಹಳ ಹೊತ್ತು ಅಲ್ಲೇ ಇತ್ತು. ಆಮೇಲೆ ಮೂರನೆಯ ಬಾವುಟವನ್ನು ದಾಟಿ ಬಿತ್ತು.

ಒಂದು ಕುರಿಯೂ ತಲೆ ಎತ್ತಿರಲಿಲ್ಲ.

"ರೆಕಾರ್ಡ್ ಒತ್ತಾಕ ಮರತೆ," ಎಂದ ನಿತಿನ ಮೆಲ್ಲಗೆ. "ಮೊದಲಿನ ವಿಡಿಯೋ ಡಿಲೀಟ್ ಮಾಡ್ಲೇನು?" ಎಂದು ಕೇಳಿದ.

"ಬ್ಯಾಡ," ಎಂದಳು ಸಾರಿಕಾ.

ಕೋಲನ್ನು ಅವನ ಕೈಗೆ ಕೊಟ್ಟು ಚೆಂಡು ತರಲು ಒಬ್ಬಳೇ ಹೊರಟಳು. ಕಣ್ಣು ತುಂಬಿದ್ದು ಅವನಿಗೆ ಕಾಣಬಾರದೆಂದು ಜೋರಾಗಿ ನಡೆದಳು. ಮೂರನೆಯ ಬಾವುಟದ ಆಚೆಗೆ ಒಡ್ಡು ಮುಗಿದು ಊರಿನ ಕಾಲುದಾರಿ ಸುರುವಾಗುತ್ತಿತ್ತು. ಹೊತ್ತು ಇಳಿದಿತ್ತು. ಬಯಲೆಲ್ಲ ಭಂಡಾರದ ಅರಿಶಿನ ಚೆಲ್ಲಿದಂತೆ ಹಳದಿಯಾಗಿತ್ತು.

ಮೊದಲನೆಯ ಬಾವುಟ ದಾಟಿದಾಗ ಹಿಂದೆ ಹೆಜ್ಜೆಯ ಸದ್ದು ಕೇಳಿತು.

ಅವಳು ನಿಂತಳು. ಸದ್ದೂ ನಿಂತಿತು. ಅವಳು ನಡೆದಳು. ಸದ್ದೂ ನಡೆಯಿತು. ಕುತ್ತಿಗೆಯ ಹಿಂದೆ ತಣ್ಣಗಾಯಿತು. ತಿರುಗಿದರೆ ಖಾಲಿ ಬಯಲು ಕಂಡೀತೆಂದು ಅವಳು ತಿರುಗಲಿಲ್ಲ. ಹಾಗೆಯೇ ಹೋಗಿ, ಹುಲ್ಲಿನಿಂದ ಚೆಂಡು ಎತ್ತಿಕೊಂಡು, ಆಮೇಲೆ ನೋಡಿದಳು.

ಕುರಿಗಳು ಒಡ್ಡು ಹತ್ತಿ ಇಳಿದು ಬಂದಿದ್ದವು. ಮೂವತ್ತೂ ಬಂದಿದ್ದವು. ದೂರದಲ್ಲಿ ಸೋಮವ್ವ ಕುಳಿತ ಕಡೆಯೇ ಕುಳಿತಿದ್ದಳು. ಅವಳು ಕರೆದಿರಲಿಲ್ಲ, ಅಟ್ಟಿರಲಿಲ್ಲ. ಸಾರಿಕಾ ಕೂಡ ಬಾಯಿ ತೆರೆದಿರಲಿಲ್ಲ.

ಅವು ನಿಂತು ನೋಡುತ್ತಿದ್ದವು. ಸಾರಿಕಾ ಒಂದು ಹೆಜ್ಜೆ ಎಡಕ್ಕೆ ಇಟ್ಟಳು. ಮೂವತ್ತು ಮುಖಗಳೂ ಎಡಕ್ಕೆ ತಿರುಗಿದವು. ಬಲಕ್ಕೆ ಇಟ್ಟಳು. ಬಲಕ್ಕೆ ತಿರುಗಿದವು. ಅವು ಅವಳ ಬೆನ್ನ ಹಿಂದೆ ನೋಡುತ್ತಿರಲಿಲ್ಲ.

ಅವಳು ಚೆಂಡನ್ನು ಜೇಬಿಗೆ ಹಾಕಿಕೊಂಡಳು.

ಎಲ್ಲಕ್ಕಿಂತ ಹಿಂದೆ ಒಂದು ಮರಿ ಕುಂಟುತ್ತ ಬರುತ್ತಿತ್ತು. ಅದು ಬಂದು ಕೂಡಿಕೊಳ್ಳುವವರೆಗೆ ಕಾದಳು. ಆಮೇಲೆ ಅದರ ಕಾಲಿಗೆ ತಕ್ಕಷ್ಟು ಸಾವಕಾಶ ಹೆಜ್ಜೆ ಹಾಕುತ್ತ, ಊರಿನ ದಾರಿ ಹಿಡಿದು ಮುಂದೆ ನಡೆದಳು.